ಗಿರಣಿಯ ಹೆಣ್ಣುಮಗಳಿಗೆ ಕೇಳಿದ ಪ್ರಶ್ನೆಗಳು

ಪಂಪಾಪತಿ ಎಂಬ ಶಿಷ್ಯ ವೃತ್ತಿಯಲ್ಲಿ ವಕೀಲ. ಒಂದು ದಿನ ಅವನು ಗುರುಗಳ ಬಳಿಗೆ ಬಂದು ಕೇಳಿದ: “ಗುರುಗಳೇ, ಹೆಣ್ಣನ್ನು ಕೆಡಿಸಿದ ಆರೋಪ ಹೊತ್ತವನೊಬ್ಬ ನನ್ನ ಹತ್ತಿರ ಬಂದಿದ್ದಾನೆ. ಅವನ ಪರವಾಗಿ ನಿಂತರೆ ನನಗೆ ಪಾಪ ಬರುತ್ತದೆಯೇ?”

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಕುಳಿತುಕೋ ಎಂದು ಹೇಳಿ ಈ ಕತೆ ಹೇಳಿದರು.

ಬಹಳ ವರ್ಷಗಳ ಹಿಂದೆ ಒಂದು ಊರಿನಲ್ಲಿ ಹತ್ತಿ ಗಿರಣಿಯಿತ್ತು. ಹುಲಿಗೆವ್ವ ಎಂಬ ಹೆಣ್ಣುಮಗಳು ಅಲ್ಲಿ ಕೂಲಿ ಮಾಡುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ. ತಾಯಿಯೊಂದಿಗೆ ಇದ್ದಳು. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಗಿರಣಿಯ ಹಿಂದಿನ ದಾರಿಯಲ್ಲಿ ಒಬ್ಬ ಅವಳನ್ನು ಹಿಡಿದು ಕೆಡಿಸಿದ. ಅವನು ಮುಖಕ್ಕೆ ವಸ್ತ್ರ ಸುತ್ತಿಕೊಂಡಿದ್ದ. ಅವಳು ಕಂಡದ್ದು ಅವನ ಎತ್ತರ, ಕೇಳಿದ್ದು ಅವನ ಎರಡು ಮಾತು.

ಆ ದಾರಿಯ ತುದಿಯಲ್ಲಿ ವಿರೂಪಣ್ಣ ಎಂಬ ದರ್ಜಿಯ ಅಂಗಡಿ. ಅವನೂ ಅಷ್ಟೇ ಎತ್ತರದವನು. ಪೊಲೀಸರು ಅವನನ್ನು ಅವಳ ಮುಂದೆ ನಿಲ್ಲಿಸಿ ಕೇಳಿದರು. ಅವಳು, “ಇವನ ಹಾಗಿದ್ದ” ಎಂದಳು. ಅವರು, “ಇವನೇ” ಎಂದು ಬರೆದುಕೊಂಡರು. ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಅವನನ್ನು ಸೆರೆಗೆ ಹಾಕಿದರು.

ಊರು ಕುದಿಯಿತು. ದರ್ಜಿಯ ಅಂಗಡಿಯ ಬಾಗಿಲು ಮುರಿದರು. ಅವನ ಪರವಾಗಿ ಯಾರೂ ನಿಲ್ಲಬಾರದೆಂದು ಊರಿನ ವಕೀಲರೆಲ್ಲ ಸೇರಿ ಮಾತಾಡಿಕೊಂಡರು. ದರ್ಜಿಯ ಹೆಂಡತಿ ಈರಮ್ಮ ಒಂದೊಂದೇ ಮನೆಯ ಮೆಟ್ಟಿಲು ಹತ್ತಿ ಇಳಿದಳು. ಕೊನೆಗೆ ಒಬ್ಬ ವಕೀಲ ಅವಳನ್ನು ಒಳಗೆ ಕರೆದು ಕೂರಿಸಿದ.

“ಆ ದಿನ ನನ್ನ ಗಂಡ ಊರಲ್ಲೇ ಇರಲಿಲ್ಲ, ಸಾಹೇಬರೇ. ಶಾಲೆಯ ಮಕ್ಕಳ ಬಟ್ಟೆ ಕೊಡಲು ಹನ್ನೆರಡು ಮೈಲಿ ದೂರ ಹೋಗಿದ್ದರು. ಬಸ್ಸು ತಪ್ಪಿ ಹೆಡ್ಮಾಸ್ತರರ ಮನೆಯಲ್ಲೇ ಉಳಿದರು. ಪೊಲೀಸರಿಗೆ ಹೇಳಿದರೆ ಕೇಳಿಸಿಕೊಳ್ಳುತ್ತಿಲ್ಲ,” ಎಂದಳು ಆಕೆ.

ಆ ಹೆಡ್ಮಾಸ್ತರರಿಗೆ ಅಷ್ಟರಲ್ಲಿ ದೂರದ ಜಿಲ್ಲೆಗೆ ವರ್ಗವಾಗಿತ್ತು. ವಕೀಲ ಅವರಿಗೆ ಪತ್ರ ಬರೆದ. ಉತ್ತರ ಬಂತು. ದರ್ಜಿ ಅಂದು ಸಂಜೆಯಿಂದ ಬೆಳಗಿನವರೆಗೆ ತಮ್ಮ ಮನೆಯಲ್ಲಿದ್ದದ್ದು ನಿಜ, ಕರೆದ ದಿನ ಬಂದು ಹೇಳುತ್ತೇನೆ ಎಂದಿತ್ತು. ದರ್ಜಿ ನಿರಪರಾಧಿ ಎಂದು ವಕೀಲನಿಗೆ ಆಗಲೇ ಖಚಿತವಾಯಿತು. ಊರಿನವರು ಬೈದರೂ, ಜೊತೆಯ ವಕೀಲರು ಮಾತು ಬಿಟ್ಟರೂ ಅವನು ಹಿಂದೆ ಸರಿಯಲಿಲ್ಲ. ಅವನು ಧೈರ್ಯವಂತ. ಅದನ್ನು ಮರೆಯಬೇಡ.

ವಿಚಾರಣೆ ಶುರುವಾಯಿತು. ಮೊದಲ ಸಾಕ್ಷಿ ಹುಲಿಗೆವ್ವ. ಅಂದು ನ್ಯಾಯಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ಜನ.

ಮುಖ ನೋಡಿದೆಯಾ ಎಂದು ವಕೀಲ ಕೇಳಿದ. ಇಲ್ಲ ಎಂದಳು. ಪೊಲೀಸರ ಮುಂದೆ ಏನು ಹೇಳಿದೆ ಎಂದ. ಇವನ ಹಾಗಿದ್ದ ಎಂದು ಹೇಳಿದೆ ಎಂದಳು. ಅವಳು ಸುಳ್ಳು ಹೇಳಲಿಲ್ಲ. ಅಲ್ಲಿಗೆ ಅವನು ಕೂರಬಹುದಿತ್ತು. ಹೆಡ್ಮಾಸ್ತರರ ಪತ್ರ ಅವನ ಕಡತದಲ್ಲೇ ಇತ್ತು.

ಅವನು ಕೂರಲಿಲ್ಲ. ಕೈಯಲ್ಲಿ ಏನೇನಿದೆಯೋ ಅಷ್ಟನ್ನೂ ಬಳಸಬೇಕೆಂದು ಕಲಿತವನು. ಗಂಡ ಯಾಕೆ ಬಿಟ್ಟ ಎಂದು ಕೇಳಿದ. ಗಿರಣಿಯಲ್ಲಿ ಯಾರ ಜೊತೆ ನಗುನಗುತ್ತಾ ಮಾತಾಡುತ್ತೀ ಎಂದು ಕೇಳಿದ. ಮೈಮೇಲೆ ಅಷ್ಟು ಕಡಿಮೆ ಗಾಯ ಹೇಗೆ ಎಂದ. ಹಿಂದಿನ ದಾರಿಯಲ್ಲೇ ಯಾಕೆ ಬಂದೆ, ಯಾರಾದರೂ ಬಾ ಅಂದಿದ್ದರೇ ಎಂದ. ಜನ ನಕ್ಕರು. ನ್ಯಾಯಾಧೀಶರು ಗದರಿಸಿದರು. ಜನ ಸುಮ್ಮನಾಗಿ, ಮುಂದಿನ ಪ್ರಶ್ನೆಗೆ ಮತ್ತೆ ನಕ್ಕರು. ಹುಲಿಗೆವ್ವ ಮೊದಲು ಉತ್ತರ ಹೇಳಿದಳು. ಆಮೇಲೆ ಧ್ವನಿ ಸಣ್ಣದಾಯಿತು. ಜೋರಾಗಿ ಹೇಳಮ್ಮ ಎಂದರು ನ್ಯಾಯಾಧೀಶರು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನಿಂತಳು. ಮತ್ತೆ ಮಾತಾಡಲಿಲ್ಲ.

ಎರಡು ತಿಂಗಳ ಮೇಲೆ ಹೆಡ್ಮಾಸ್ತರರು ಬಂದರು. ಅವರ ಮಾತು ಸ್ವಲ್ಪ ಹೊತ್ತಿನಲ್ಲೇ ಮುಗಿಯಿತು. ಅಂದು ಕೇಳಲು ಬಂದವರು ನಾಲ್ಕೈದು ಜನ. ನ್ಯಾಯಾಧೀಶರು ದರ್ಜಿಯನ್ನು ಬಿಟ್ಟರು. ಹೆಡ್ಮಾಸ್ತರರ ಸಾಕ್ಷ್ಯ ಒಂದೇ ಸಾಕು, ಹೆಣ್ಣಿನ ನಡತೆಯ ಬಗ್ಗೆ ಕೇಳಿದ್ದು ಬೇಕಿರಲಿಲ್ಲ ಎಂದು ತೀರ್ಪಿನಲ್ಲಿ ಬರೆದರು. ಆ ತೀರ್ಪನ್ನು ಓದಿದವರು ಯಾರು? ಊರಿಗೆ ಗೊತ್ತಿದ್ದದ್ದು ಮೊದಲ ದಿನದ ಪ್ರಶ್ನೆಗಳು ಮಾತ್ರ.

ದರ್ಜಿ ಹದಿನಾಲ್ಕು ತಿಂಗಳ ಮೇಲೆ ಮನೆಗೆ ಬಂದ. ಅಂಗಡಿಗೆ ಹೊಸ ಬಾಗಿಲು ಹಾಕಿಸಿದ. ಒಬ್ಬ ಹೆಂಗಸೂ ರವಿಕೆ ಹೊಲಿಯಲು ಕೊಡಲಿಲ್ಲ. ಗಂಡಸರೂ ಬರಲಿಲ್ಲ. ಮಗಳನ್ನು ನೋಡಲು ಬರುತ್ತೇವೆ ಎಂದಿದ್ದವರು ದಾರಿಯಿಂದಲೇ ತಿರುಗಿ ಹೋದರು. ಅವನು ವಕೀಲನ ಮನೆಗೆ ಬಂದು ನಿಂತ.

“ನಿಮ್ಮ ಉಪಕಾರ ನಾನು ಮರೆಯುವವನಲ್ಲ, ಸಾಹೇಬರೇ. ಆದರೆ ನಾನು ಅಲ್ಲಿರಲಿಲ್ಲ ಎಂಬುದೊಂದೇ ನನ್ನ ಮಾತಾಗಿತ್ತು. ಈಗ ಊರಲ್ಲಿ ಏನೆನ್ನುತ್ತಾರೆ ಗೊತ್ತೇ? ಮಾಡಿದವನು ಇವನೇ, ಅವಳೂ ಅಂಥವಳೇ, ವಕೀಲ ಜಾಣ, ಅದಕ್ಕೆ ಉಳಿದುಕೊಂಡ ಎನ್ನುತ್ತಾರೆ.”

ಸ್ವಲ್ಪ ದಿನದಲ್ಲಿ ದರ್ಜಿ ಅಂಗಡಿ ಮುಚ್ಚಿದ. ಹತ್ತಿ ಗಿರಣಿಯಲ್ಲೇ ಗೋಣಿತಟ್ಟು ಹೊಲಿಯುವ ಕೆಲಸಕ್ಕೆ ಸೇರಿದ.

ಹುಲಿಗೆವ್ವಳೂ ಅಲ್ಲೇ ಇದ್ದಳು. ಬೇರೆ ಕೂಲಿ ಅವಳಿಗೆ ಎಲ್ಲಿ ಸಿಗಬೇಕು? ವರ್ಷದವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ಮಧ್ಯಾಹ್ನ ಅವಳು ದರ್ಜಿ ಕುಳಿತಲ್ಲಿಗೆ ಬಂದಳು.

“ನೀನಲ್ಲ, ಅಣ್ಣ,” ಎಂದಳು. “ಇಂದು ಇಲ್ಲೇ ಆ ಧ್ವನಿ ಕೇಳಿದೆ. ಆಗ ಕೇಳಿದ್ದ ಅದೇ ಎರಡು ಮಾತು. ನಿನ್ನ ಬಾಳು ಹಾಳು ಮಾಡಿದೆ. ನನ್ನ ತಪ್ಪು ಹೊಟ್ಟೆಗೆ ಹಾಕಿಕೋ.”

ದರ್ಜಿ, “ಯಾರವನು?” ಎಂದ. ಅವಳು ಹೇಳಲಿಲ್ಲ. ತಿರುಗಿ ಹೋಗಿ ಹತ್ತಿ ಬಿಡಿಸುತ್ತ ಕುಳಿತಳು. ಆ ಧ್ವನಿಯವನೂ ಅದೇ ಗಿರಣಿಯಲ್ಲಿದ್ದಾನೆ ಎಂಬುದಷ್ಟೇ ದರ್ಜಿಗೆ ತಿಳಿಯಿತು.

ಅಂದೇ ಸಂಜೆ ಅವನು ವಕೀಲನಿಗೆ ವಿಷಯ ಮುಟ್ಟಿಸಿದ. ವಕೀಲ ಮರುದಿನ ಹುಲಿಗೆವ್ವಳ ಮನೆಗೆ ಹೋದ. ಅವಳ ತಾಯಿ ಅವನನ್ನು ಕಂಡು ಒಳಗೆ ಎದ್ದು ಹೋದಳು. ಹುಲಿಗೆವ್ವ ಬಾಗಿಲಲ್ಲೇ ನಿಂತಳು. ವಕೀಲ ಕೈಮುಗಿದ. ಅವನ ಹೆಸರು ಹೇಳಮ್ಮ ಎಂದ. ಈ ಸಲ ನಾನು ನಿನ್ನ ಪರವಾಗಿ ನಿಲ್ಲುತ್ತೇನೆ, ಬೇರೆ ಊರಿನ ನ್ಯಾಯಾಲಯಕ್ಕಾದರೂ ಹೋಗುತ್ತೇನೆ ಎಂದ.

ಅವಳು ಕೇಳಿದಳು: “ಅವನ ಪರವಾಗಿಯೂ ಒಬ್ಬರು ನಿಲ್ಲುತ್ತಾರಲ್ಲ, ಸಾಹೇಬರೇ?”

“ನಿಲ್ಲುತ್ತಾರೆ.”

“ಅವರೂ ನಿಮ್ಮ ಹಾಗೇ ಕೇಳುತ್ತಾರೆಯೇ?”

ವಕೀಲ ಇಲ್ಲವೆನ್ನಲಾರದೆ ಹೋದ. ಅವಳು ಬಾಗಿಲು ಹಾಕಿಕೊಂಡಳು.

ಮುಂದಿನ ವರ್ಷ ಹತ್ತಿಯ ಕಾಲದಲ್ಲಿ ಅದೇ ಗಿರಣಿಯ ಇನ್ನೊಬ್ಬ ಹೆಣ್ಣುಮಗಳು ಇದ್ದಕ್ಕಿದ್ದಂತೆ ಕೆಲಸ ಬಿಟ್ಟಳು. ಹದಿನೇಳು ವರ್ಷದವಳು. ಯಾಕೆ ಬಿಟ್ಟಳೆಂದು ಅವಳೂ ಹೇಳಲಿಲ್ಲ, ಮನೆಯವರೂ ಹೇಳಲಿಲ್ಲ. ಕೇಳಿದವರಿಗೆ, ಹುಲಿಗೆವ್ವಳಿಗೆ ಆದದ್ದನ್ನು ಊರೆಲ್ಲ ನೋಡಿದೆಯಲ್ಲ ಎಂದು ಆ ಹುಡುಗಿಯ ಅಜ್ಜಿ ಅಂದಳಂತೆ. ಹುಲಿಗೆವ್ವ ಅಂದಿನಿಂದ ಸರಿಯಾಗಿ ಊಟ ಮಾಡಲಿಲ್ಲ. ಎರಡು ವರ್ಷ ಬದುಕಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಪಂಪಾಪತಿ ಕೇಳಿದ: “ಹಾಗಾದರೆ ಆ ವಕೀಲ ದರ್ಜಿಯ ಪರವಾಗಿ ನಿಲ್ಲಬಾರದಿತ್ತೇ?”

“ನಿಲ್ಲದಿದ್ದರೆ ಏನೂ ಮಾಡದವನು ಹತ್ತು ವರ್ಷ ಸೆರೆಯಲ್ಲಿರುತ್ತಿದ್ದ. ನಿಲ್ಲಲೇಬೇಕಿತ್ತು,” ಎಂದರು ಗುರುಗಳು.

“ಮತ್ತೆ ಆ ನಿಜವಾದ ಪಾಪಿ? ಅವನು ಸಿಕ್ಕಲೇ ಇಲ್ಲವೇ?”

ಗುರುಗಳು ಹೇಳಿದರು: “ಆಗ ಅವನನ್ನು ತೋರಿಸಿಕೊಡಬಲ್ಲ ಬಾಯಿ ಲೋಕದಲ್ಲಿ ಒಂದೇ ಇತ್ತು, ಅದನ್ನು ಮುಚ್ಚಿಸಿದವನು ಅವನಲ್ಲ.”