ನೆಲದಳಿಲಿಗೆ ಹಾಕಿದ ಬೇಲಿ

“ಗುರುಗಳೇ, ನಮ್ಮ ಮಠದ ಹುಲ್ಲುಗಾವಲಿನಲ್ಲಿ ನೆಲದಳಿಲುಗಳು ಕಡಿಮೆಯಾಗುತ್ತಿವೆ. ಕುರಿಗಳು ಒಳಗೆ ಬಾರದ ಹಾಗೆ ಬೇಲಿ ಹಾಕಿಸಿಬಿಡಲೇ?” ಎಂದು ಶಿಷ್ಯ ಗುರುಶಾಂತ ಕೇಳಿದ. ಬೇಲಿಗೆ ಬೇಕಾದ ಜಾಲಿಮುಳ್ಳನ್ನು ಆಗಲೇ ಕಡಿಸಿ ತಂದಿದ್ದ.

ಗುರುಗಳು ಹಣೆ ಚಚ್ಚಿಕೊಂಡರು. “ಮುಳ್ಳು ತಂದ ಮೇಲೆ ಅಪ್ಪಣೆ ಕೇಳುತ್ತೀಯಲ್ಲ, ನಿನಗೇನು ಹೇಳಲಿ! ಕೂತುಕೋ. ನಿನ್ನಂಥದೇ ಒಬ್ಬ ಕರುಣಾಳುವಿನ ಕತೆ ಕೇಳು” ಎಂದು ಶುರುಮಾಡಿದರು.

ಒಬ್ಬ ವ್ಯಾಪಾರಿಗೆ ಊರಾಚೆ ಒಂದು ಹುಲ್ಲುಗಾವಲಿತ್ತು. ಸುತ್ತಲಿನ ಬಯಲೆಲ್ಲ ನೇಗಿಲಿಗೆ ಸಿಕ್ಕಿ, ನೆಲದಳಿಲುಗಳು ಅಲ್ಲಿ ಮಾತ್ರ ಉಳಿದಿದ್ದವು. ಇವು ಮರ ಹತ್ತುವ ಅಳಿಲಲ್ಲ, ಬಿಲ ತೋಡಿ ಬದುಕುವಂಥವು. ಅಲ್ಲಿ ಒಬ್ಬ ಕುರಿಗಾಹಿ ಕುರಿ ಮೇಯಿಸುತ್ತಿದ್ದ. ಕುರಿಗಳ ಕಾಲು ಬಿಲಕ್ಕೆ ಸಿಕ್ಕಿ ಉಳುಕುತ್ತಿತ್ತು. ಅವನು ಬೆಳಗಾದರೆ ಅಳಿಲುಗಳಿಗೆ ಬಾಯಿತುಂಬ ಶಾಪ ಹಾಕುತ್ತಿದ್ದ, ಕೈಗೆ ಸಿಕ್ಕ ಹೆಂಟೆ ಎಸೆಯುತ್ತಿದ್ದ. ಒಂದು ಹೆಂಟೆಯೂ ತಾಗುತ್ತಿರಲಿಲ್ಲ.

ವ್ಯಾಪಾರಿ ಇದನ್ನು ಕಂಡು ಕೆಂಡವಾದ. “ಪಾಪಿ, ಅಷ್ಟು ಸಣ್ಣ ಜೀವದ ಮೇಲೆ ನಿನ್ನ ಪೌರುಷವೇ?”

“ಸಣ್ಣ ಜೀವ ಅಂತೀರಲ್ರೀ ಸಾಹುಕಾರ್ರ, ನನ್ನ ಕುರಿ ಕಾಲು ಮುರದ್ರ ನೀವು ಪಟ್ಟಿ ಕಟ್ಟತೀರೇನ್ರಿ?”

ವ್ಯಾಪಾರಿ ಅವನನ್ನು ಕುರಿಗಳ ಸಮೇತ ಓಡಿಸಿದ. ಸುತ್ತಲೂ ಮುಳ್ಳುಬೇಲಿ ಹಾಕಿಸಿದ. ಅಳಿಲುಗಳಿಗೆ ದಿನವೂ ಶೇಂಗಾ ಚೆಲ್ಲಿಸಿದ. ಊರೆಲ್ಲ ಅವನನ್ನು ಹೊಗಳಿತು. ಹೊಗಳಲು ಊರಿಗೇನು ಖರ್ಚು?

ಮಳೆ ಬಂತು. ಮೇಯುವ ಬಾಯಿಲ್ಲದೆ ಹುಲ್ಲು ಮೊಣಕಾಲುದ್ದ ಬೆಳೆಯಿತು. ವ್ಯಾಪಾರಿ ಹಸಿರು ನೋಡಿ ಹಿಗ್ಗಿದ. ಹಿಂಗಾಲ ಮೇಲೆ ನಿಂತು ದೂರ ನೋಡುವುದೇ ನೆಲದಳಿಲಿಗಿರುವ ಕಾವಲು. ನರಿ ಕಂಡರೆ ಒಂದು ಸಿಳ್ಳು ಹಾಕುತ್ತದೆ, ಎಲ್ಲವೂ ಬಿಲ ಸೇರುತ್ತವೆ. ಈಗ ಎದ್ದು ನಿಂತರೆ ಕಾಣುವುದು ಹುಲ್ಲೊಂದೇ. ನರಿ ಹುಲ್ಲಿನ ಮರೆಯಲ್ಲಿ ಬಂದು ಬಿಲದ ಬಾಯಲ್ಲೇ ಹಿಡಿಯತೊಡಗಿತು. ಅಳಿಲು ಕಡಿಮೆಯಾದಷ್ಟೂ ವ್ಯಾಪಾರಿ ಬೇಲಿಯನ್ನು ಎತ್ತರಿಸಿದ. ನರಿ ನುಸುಳುತ್ತಿದ್ದುದು ಬೇಲಿಯ ಬುಡದಲ್ಲಿ. ಇದನ್ನು ಯಾರ ಮುಂದೆ ಹೇಳಿ ಅಳೋಣ! ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಬೇಸಿಗೆಯ ಹೊತ್ತಿಗೆ ಬೇಲಿಯೊಳಗೆ ಒಂದೂ ಉಳಿದಿರಲಿಲ್ಲ. ಜೀವ ಉಳಿಸಿಕೊಂಡ ನಾಲ್ಕಾರು ಅಳಿಲುಗಳು ಮುಳ್ಳಿನಡಿ ತೂರಿ ಊರ ಕೆರೆಯಾಚೆ ಉಳದೆ ಬಿಟ್ಟಿದ್ದ ಒಂದು ಬಯಲು ಸೇರಿದ್ದವು. ಅಲ್ಲಿ ಅದೇ ಕುರಿಗಾಹಿಯ ಕುರಿಗಳು ಹುಲ್ಲನ್ನು ನೆಲಮಟ್ಟಕ್ಕೆ ಮೇಯ್ದಿದ್ದವು. “ಇಲ್ಲಿಗೂ ಬಂದ್ವಲ್ಲಪಾ ಇವು!” ಎಂದು ಅವನು ಮತ್ತೆ ಶಾಪ ಹಾಕಲು ಶುರುಮಾಡಿದ. ಆ ಶಾಪ ಕೇಳಿಕೊಂಡೇ ಅಳಿಲುಗಳು ಮರಿ ಹಾಕಿದವು.

ಗುರುಗಳು ಕತೆ ನಿಲ್ಲಿಸಿದರು. ಗುರುಶಾಂತ ಮುಳ್ಳಿನ ಹೊರೆಯ ಕಡೆ ನೋಡುತ್ತ ಕೇಳಿದ: “ಆದರೂ ಗುರುಗಳೇ, ಆ ವ್ಯಾಪಾರಿಯ ಕರುಣೆ ನಿಜವಾದದ್ದೇ ಅಲ್ಲವೇ?”

“ನಿಜವೇ, ಆದರೆ ಅವನು ನಿಂತುಕೊಂಡೇ ಕರುಣೆಪಟ್ಟ, ಅಳಿಲಿನ ಕಣ್ಣಿಗೆ ಏನು ಕಾಣುತ್ತದೆಂದು ಬಗ್ಗಿ ನೋಡಲಿಲ್ಲ. ನೀನಾದರೂ ಒಮ್ಮೆ ನಮ್ಮ ಹುಲ್ಲುಗಾವಲಿನ ಬಿಲದ ಬಾಯಲ್ಲಿ ಬೋರಲು ಮಲಗಿ ನೋಡಿದ್ದೀಯಾ?”

ಗುರುಶಾಂತ ಮುಳ್ಳಿನ ಹೊರೆಯನ್ನು ಅಲ್ಲೇ ಬಿಟ್ಟು ಹುಲ್ಲುಗಾವಲಿನ ಕಡೆ ನಡೆದ.