ಹವಾಲ್ದಾರರ ಸ್ಟೂಲು

ಹವಾಲ್ದಾರ್ ತುಕೋಜಿರಾಯರು ಯುದ್ಧದ ಫೋಟೋ ತೆಗೆದು ಬಂದವರು ಎಂದು ಆಗ ಊರಿನ ಎಲ್ಲರೂ ನಂಬಿದ್ದರು.

ಆ ಫೋಟೋಗಳನ್ನು ಯಾರೂ ನೋಡಿರಲಿಲ್ಲ. ನಂಬಿಕೆಗೆ ಅದರಿಂದ ತೊಂದರೆಯೇನೂ ಆಗಿರಲಿಲ್ಲ. ಅನುಕೂಲವೇ ಆಗಿತ್ತು.

ಮಿಲಿಟರಿಯಲ್ಲಿ ಫೋಟೋಗ್ರಾಫರ್ ಆಗಿದ್ದರು ಎನ್ನುವುದು ನಿಜ. ಮಾತು ಕಡಿಮೆ ಎನ್ನುವುದೂ ನಿಜ. ಮಾತು ಕಡಿಮೆ ಇರುವವರ ಪಾಲಿನ ಮಾತನ್ನು ಊರೇ ಆಡಿ ಮುಗಿಸುತ್ತದೆ.

ಪಿಂಚಣಿ ಪಡೆದು ಬಂದವರು ತುಂಗಭದ್ರೆಯ ದಡದ ಮಠದಲ್ಲಿ ಒಂದು ಕೋಣೆ ಕೇಳಿದರು. ಕಿಟಕಿಯಿಲ್ಲದ, ಯಾತ್ರಿಕರೆಲ್ಲರೂ ಬೇಡವೆಂದ ಕೋಣೆಯೊಂದು ಖಾಲಿ ಇತ್ತು. ಹವಾಲ್ದಾರರು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕತ್ತಲನ್ನು ನೋಡಿ, ಇದೇ ಇರಲಿ ಎಂದರು. ಧ್ಯಾನಕ್ಕಿರಬೇಕು ಎಂದು ಭಕ್ತರು ಮಾತಾಡಿಕೊಂಡರು. ಹವಾಲ್ದಾರರು ಅದನ್ನು ಫೋಟೋ ತೊಳೆಯುವ ಡಾರ್ಕ್‌ರೂಮ್ ಮಾಡಿಕೊಂಡರು.

ಹೊರಗಿನ ಜಗಲಿಯೇ ಸ್ಟುಡಿಯೋ. ಹಿಂದೆ ಒಂದು ಪರದೆ, ಅದರಲ್ಲಿ ಯಾವ ದೇಶದ್ದೋ ಒಂದು ಕೊಳ, ಎರಡು ಹಂಸ. ಗೋಡೆಗೆ ಕನ್ನಡಿ, ಯಾರೂ ಒಯ್ಯದಂತೆ ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬ. ಮೊಳೆಗೆ ಒಂದು ಕರಿ ಕೋಟು. ಊರಿನ ಗಂಡಸರೆಲ್ಲ ಜೀವನದಲ್ಲಿ ಒಮ್ಮೆ ಆ ಕೋಟಿನೊಳಗೆ ಹೋಗಿ ಬಂದವರೇ. ತೆಳ್ಳಗಿದ್ದವರಿಗೆ ಬೆನ್ನ ಹಿಂದೆ ಕ್ಲಿಪ್ಪು ಹಾಕುತ್ತಿದ್ದರು. ದಪ್ಪಗಿದ್ದವರು ಉಸಿರು ಹಿಡಿಯುತ್ತಿದ್ದರು.

ನಡುವೆ ಒಂದು ಮರದ ಸ್ಟೂಲು.

ಈಗಿನಂತೆ ಫೋನು ಎತ್ತಿ ಹಿಡಿದರೆ ಮುಗಿಯುವ ಕೆಲಸವಲ್ಲ ಅದು. ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಟ್ಟು, ಹೊಳೆಯ ದಾರಿಯಲ್ಲಿ ನಡೆದು ಬಂದು, ತಮ್ಮ ಸರದಿಗೆ ಕಾಯಬೇಕಿತ್ತು. ಕಾದವರ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಅದು ಕ್ಯಾಮೆರಾದ ಗುಣ ಎಂದು ಜನ ತಿಳಿದಿದ್ದರು.

ಗುಂಡಿ ಒತ್ತುವ ಮುಂಚೆ ಹವಾಲ್ದಾರರು ಸ್ಟೂಲಿನ ಮೇಲೆ ಕೂತವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಮನೆಯಾಗೆ ಇವತ್ತು ಏನು ಅಡಿಗೆ?”

ಕೂತವರು ಹೇಳುತ್ತಿದ್ದರು. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಫೋಟೋ ಆಗಿರುತ್ತಿತ್ತು.

ಮದುವೆಯಾಗದ ಮನುಷ್ಯ, ಹಸಿವಿರಬೇಕು ಎಂದು ಊರು ಅರ್ಥ ಮಾಡಿಕೊಂಡಿತ್ತು. ಕೆಲವರು ಮರುದಿನ ಡಬ್ಬಿಯಲ್ಲಿ ಸಾರು ತಂದುಕೊಟ್ಟದ್ದೂ ಉಂಟು. ಅವರು ಬೇಡ ಎನ್ನದೆ ಉಂಡು, ಡಬ್ಬಿ ತೊಳೆದು ಕೊಡುತ್ತಿದ್ದರು.

ಉಳಿದ ವಿಚಿತ್ರಗಳಿಗೆಲ್ಲ ಊರಿನ ಹತ್ತಿರ ಒಂದೇ ವಿವರಣೆ ಇತ್ತು. ಯುದ್ಧ ನೋಡಿದವರು ಹಾಗೆಯೇ.

ತಿಪ್ಪೇಶ ಅವರ ಬಳಿ ಬಂದದ್ದು ಪಿಯುಸಿ ಮೊದಲನೆಯ ವರ್ಷದ ರಜೆಯಲ್ಲಿ. ಫೋಟೋ ಕಲಿಯುತ್ತೇನೆ ಎಂದ. ಅವನಿಗೆ ಬೇಕಿದ್ದದ್ದು ಫೋಟೋ ಅಲ್ಲ, ಯುದ್ಧ. ಆದರೆ ಹಾಗೆ ಕೇಳಿಕೊಂಡು ಹೋಗುವ ಪದ್ಧತಿ ಇರಲಿಲ್ಲ.

ಅವನು ಹವಾಲ್ದಾರರನ್ನು ಗುರುಗಳೇ ಎಂದು ಕರೆಯುತ್ತಿದ್ದ. ಮಠದ ಅಂಗಳದಲ್ಲಿ ಹಾಗೆ ಕೂಗಿದರೆ ಸ್ವಾಮಿಗಳೂ ತಿರುಗಿ ನೋಡುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಅವರು ತಿರುಗುವುದನ್ನು ಬಿಟ್ಟರು.

ಹುಡುಗ ಚುರುಕಾಗಿದ್ದ. ಫೋಟೋ ತೊಳೆಯುವ ಔಷಧಿ ಬೆರೆಸುವುದನ್ನು, ಕೆಂಪು ಬಲ್ಬಿನ ಕೆಳಗೆ ಕಾಗದ ಅದ್ದುವುದನ್ನು, ಮುಖ ಮೂಡುವಾಗ ಸರಿಯಾದ ಹೊತ್ತಿಗೆ ಎತ್ತುವುದನ್ನು ಬೇಗ ಕಲಿತ. ಅವನ ಬೆರಳುಗಳಿಗೆ ಔಷಧಿಯ ಹುಳಿ ವಾಸನೆ ಹತ್ತಿತು. ಊಟಕ್ಕೆ ಕೂತಾಗ ಅವನ ಅವ್ವ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅವನಿಗೆ ಅದು ಹೆಮ್ಮೆಯಾಗಿತ್ತು.

ಒಂದು ದಿನ ಕೇಳಿಯೇ ಬಿಟ್ಟ.

“ಗುರುಗಳೇ, ಮಿಲಿಟರಿಯಲ್ಲಿ ಫೋಟೋ ತೆಗೆಯೋಕೆ ಮುಖ್ಯವಾಗಿ ಏನು ಬೇಕು?”

“ಒಂದು ಸ್ಟೂಲು.”

ತಿಪ್ಪೇಶ ಅದನ್ನು ಗೆಳೆಯರಿಗೆ ಹೇಳಿದ. ಕಂದಕದ ಗೋಡೆಯಾಚೆ ಇಣುಕಲು ಎತ್ತರ ಬೇಕಲ್ಲ, ಅದಕ್ಕೆ ಎಂದು ಅವರು ತೀರ್ಮಾನಿಸಿದರು.

ಮತ್ತೊಮ್ಮೆ ಕೇಳಿದ. “ಎಷ್ಟು ಹತ್ತಿರದಿಂದ ತೆಗೀತಿದ್ರಿ?”

“ಕೈ ಚಾಚಿದರೆ ಸಿಗೋಷ್ಟು.”

“ಹೆದರಿಕೆ ಆಗ್ತಿರಲಿಲ್ವಾ?”

“ಆಮೇಲೆ ಆಗ್ತಿತ್ತು.”

ಇದು ಊರೊಳಗೆ ಬಹಳ ದಿನ ಓಡಾಡಿತು. ಶತ್ರುವಿನ ಮೀಸೆಯ ಕೂದಲು ಎಣಿಸುವಷ್ಟು ಸನಿಹ ಹೋಗಿದ್ದರಂತೆ ಎಂಬಲ್ಲಿಗೆ ಮುಟ್ಟಿ ನಿಂತಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಹವಾಲ್ದಾರರು ಔಷಧಿ, ಕಾಗದ ತರಲು ದಾವಣಗೆರೆಗೆ ಹೋದರು. ಜಗಲಿಯಲ್ಲಿ ತಿಪ್ಪೇಶ ಒಬ್ಬನೇ ಇದ್ದ. ಮರ ಕೊಯ್ಯುವ ಮಿಲ್ಲಿನ ಹಾಲಪ್ಪ ಬಂದ. ತಲೆಯಲ್ಲಿ ಇನ್ನೂ ಮರದ ಹೊಟ್ಟು ಇತ್ತು. ಯಾವುದೋ ಗುರುತಿನ ಚೀಟಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು.

ತಿಪ್ಪೇಶನಿಗೆ ಬೇಸರ. ಯುದ್ಧಕ್ಕೆ ಹೋಗಬೇಕಾದವನು ಮಿಲ್ಲಿನ ಹಾಲಪ್ಪನ ಗದ್ದ ನೇರ ಮಾಡುತ್ತ ನಿಂತಿದ್ದ.

ಮೇಲೆ ನೋಡು ಎಂದ. ಅಷ್ಟು ಮೇಲಲ್ಲ ಎಂದ. ಹಾಲಪ್ಪ ಏನೋ ಕೇಳಲು ಬಾಯಿ ತೆರೆದ. ಅಲುಗಾಡಬೇಡ ಎಂದು ಹೇಳಿಲ್ಲವೇ, ಎಷ್ಟು ಸಲ ಹೇಳಬೇಕು ಎಂದು ತಿಪ್ಪೇಶ ಗದರಿದ. ಆತ ಬಾಯಿ ಮುಚ್ಚಿದ. ಫೋಟೋ ಆಯಿತು.

ಹವಾಲ್ದಾರರು ಬಂದ ಮೇಲೆ ನೆಗೆಟಿವನ್ನು ಬೆಳಕಿಗೆ ಹಿಡಿದರು.

“ಹಾಲಪ್ಪನ ಮನೆಯಾಗೆ ಏನು ಅಡಿಗೆ ಆಗಿತ್ತಂತೆ?”

“ಕೇಳಲಿಲ್ಲ ಗುರುಗಳೇ. ಪಾಸ್‌ಪೋರ್ಟ್ ಸೈಜ್ ತಾನೇ.”

ಹವಾಲ್ದಾರರು ನೆಗೆಟಿವನ್ನು ಲಕೋಟೆಗೆ ಹಾಕಿ ಎತ್ತಿಟ್ಟರು.

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಹಾಲಪ್ಪನ ಹೆಂಡತಿ ದ್ಯಾಮವ್ವ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಸಣ್ಣ ಫೋಟೋವನ್ನು ಬಿಚ್ಚಿ ಕೊಟ್ಟಳು. ಚೀಟಿಯಿಂದ ಕಿತ್ತದ್ದು. ಹಾಲಪ್ಪನ ಹೆಗಲ ಮೇಲೆ ಅರ್ಧ ಸೀಲು ಉಳಿದಿತ್ತು.

“ಇದನ್ನ ದೊಡ್ಡದು ಮಾಡಿಕೊಡ್ರಿ” ಎಂದಳು.

ಹಾಗೆ ಕೇಳಿದವರನ್ನು ಯಾಕೆ ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಬದುಕಿರುವವರಿಗೆ ಪಾಸ್‌ಪೋರ್ಟ್ ಸೈಜ್ ಸಾಕಾಗುತ್ತಿತ್ತು. ಗೋಡೆಗೆ ತೂಗುಹಾಕಿ ಹಾರ ಹಾಕಲು ಮಾತ್ರ ದೊಡ್ಡದು ಬೇಕಿತ್ತು. ಬಹಳ ಮನೆಗಳಲ್ಲಿ ಬೇರೆ ಫೋಟೋ ಇರುತ್ತಲೇ ಇರಲಿಲ್ಲ.

ಹವಾಲ್ದಾರರು ಲಕೋಟೆ ಹುಡುಕಿ ತಿಪ್ಪೇಶನ ಕೈಗೆ ಕೊಟ್ಟರು.

“ನೀನು ತೆಗೆದದ್ದು. ನೀನೇ ದೊಡ್ಡದು ಮಾಡು.”

ಕೆಂಪು ಬೆಳಕಿನಲ್ಲಿ ಹಾಲಪ್ಪ ನಿಧಾನಕ್ಕೆ ಮೇಲೆ ಬಂದ. ಹೆಬ್ಬೆರಳಿನ ಗಾತ್ರದಲ್ಲಿ ಕಾಣದಿದ್ದದ್ದೆಲ್ಲ ಈಗ ಕಾಣುತ್ತಿತ್ತು. ಬೈಸಿಕೊಂಡ ಮನುಷ್ಯನ ಮುಖ. ಕಾಗದ ಒಣಗಿದ ಮೇಲೆ ತಿಪ್ಪೇಶ ಸಣ್ಣ ಪೆನ್ಸಿಲು ಹಿಡಿದು ಹುಬ್ಬು ಸಡಿಲಿಸಿದ. ತುಟಿಯ ಕೊನೆಯನ್ನು ಸ್ವಲ್ಪ ಎತ್ತಿದ. ಅದರಿಂದ ಹಾಲಪ್ಪ ಬೈಸಿಕೊಂಡೂ ನಗಲು ಪ್ರಯತ್ನಿಸುತ್ತಿರುವವನ ಹಾಗೆ ಆದ. ತಿಪ್ಪೇಶ ಅದನ್ನು ಅಳಿಸಿದ.

ದ್ಯಾಮವ್ವ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

“ಇಷ್ಟ್ಯಾಕೆ ಹೆದರಿದಂಗೆ ಅದಾರಪ್ಪ? ಅವತ್ತು ಯಾರಾದ್ರೂ ಏನಾದ್ರೂ ಅಂದಿದ್ರಾ?”

ಬೆಳಕು ಸರಿ ಇರಲಿಲ್ಲ ಎಂದು ತಿಪ್ಪೇಶ ಹೇಳಿದ.

ಇರಲಿ ಬಿಡು, ಇದರಾಗಾದ್ರೂ ಸಿಕ್ಕರಲ್ಲ ಎಂದು ಅವಳು ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಹೊಳೆಯ ದಾರಿಯಲ್ಲಿ ಅವಳು ಮರೆಯಾಗುವವರೆಗೆ ಹವಾಲ್ದಾರರು ನಿಂತೇ ಇದ್ದರು. ಆಮೇಲೆ ಹೇಳಿದರು.

“ಸ್ಟೂಲ್ ಒರೆಸು.”

ತಿಪ್ಪೇಶ ಒರೆಸಿದ. ಇಂಥ ಘಟನೆಯಿಂದ ಶಿಷ್ಯರು ಪಾಠ ಕಲಿಯುತ್ತಾರೆ ಎಂದು ಹೇಳುವುದು ವಾಡಿಕೆ. ತಿಪ್ಪೇಶನೂ ಕಲಿತ. ಸಣ್ಣ ಊರು, ಸಣ್ಣ ಫೋಟೋ, ಸತ್ತವರ ಮುಖ ತೊಳೆಯುವ ಕೆಲಸ, ಇದರಲ್ಲಿ ತನ್ನಂಥವನು ಇರಬಾರದು ಎಂದು ಕಲಿತ. ಫೋಟೋ ತೆಗೆದರೆ ಗುರುಗಳ ಹಾಗೆ ತೆಗೆಯಬೇಕು. ಗುಂಡಿನ ನಡುವೆ.

ಬೇಸಿಗೆಗೆ ಪಿಯುಸಿ ಫಲಿತಾಂಶ ಬಂತು. ತಿಪ್ಪೇಶ ಪಾಸಾಗಿದ್ದ. ಪಾಸಾದವನಿಗೆ ದಾರಿ ಹೇಳಲು ಊರು ಸಿದ್ಧವಾಗಿಯೇ ಇರುತ್ತಿತ್ತು. ಅಂಕ ಜಾಸ್ತಿ ಬಂದವನು ಇಂಜಿನಿಯರ್. ಕಡಿಮೆ ಬಂದವನು ಬಿ.ಕಾಂ. ಮನೆಯವರ ಮಾತು ಕೇಳುವವನು ಟಿಸಿಎಚ್ ಮಾಡಿ ಮೇಷ್ಟ್ರು. ಕೇಳದವನು ಮಿಲಿಟರಿ. ಹುಡುಗನಿಗೆ ಏನು ಇಷ್ಟ ಎನ್ನುವುದು ಇದರಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ. ಹುಡುಗರೂ ಅದನ್ನು ಹುಡುಕುತ್ತಿರಲಿಲ್ಲ.

ತಿಪ್ಪೇಶನ ಅಪ್ಪ ವೀರಭದ್ರಪ್ಪ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು. ಮೇಷ್ಟ್ರ ಕೆಲಸವೆಂದರೆ ಬೇಸಿಗೆ ರಜೆ, ನೆರಳಿನಲ್ಲಿ ಕುರ್ಚಿ, ಹೆಣ್ಣು ಕೊಡುವವರು ಮನೆಗೇ ಬರುತ್ತಾರೆ ಎಂದು ಮಗನಿಗೆ ವಿವರಿಸಿದರು. ಟಿಸಿಎಚ್ ಅರ್ಜಿಯನ್ನೂ ತಂದಿಟ್ಟರು.

ತಿಪ್ಪೇಶ ಮಿಲಿಟರಿ ಎಂದ. ಮುಂದಿನ ವಾರ ದಾವಣಗೆರೆಯ ಮೈದಾನದಲ್ಲಿ ಭರ್ತಿ ಇತ್ತು. ಸೇರಿದ ಮೇಲೆ ಕ್ಯಾಮೆರಾ ಅವರೇ ಕೊಡುತ್ತಾರೆ ಎಂದ.

ಬಂದೂಕು ಕೊಡುತ್ತಾರೆ ಎಂದರು ಅಪ್ಪ.

ಅವ್ವ ಎದ್ದು ಒಳಗೆ ಹೋದಳು. ಅವನು ಒಬ್ಬನೇ ಮಗ.

ವೀರಭದ್ರಪ್ಪ ಮಸಿ ಹತ್ತಿದ ಕೈಯಲ್ಲೇ ಮಠಕ್ಕೆ ಬಂದರು. ಹುಡುಗನ ತಲೆ ಕೆಟ್ಟದ್ದು ಇಲ್ಲಿಯೇ ಎಂದು ಹೇಳುವುದು ಅವರ ಉದ್ದೇಶವಾಗಿತ್ತು. ಆದರೆ ಯುದ್ಧ ನೋಡಿ ಬಂದವರ ಮುಂದೆ ದನಿ ಏರಿಸಲು ಆಗಲಿಲ್ಲ. ಬೇಡಿಕೊಂಡರು.

“ನೀವಾದ್ರೂ ಒಂದು ಮಾತು ಹೇಳ್ರಿ ಅವನಿಗೆ.”

“ಕೇಳಿದ್ರೆ ಹೇಳ್ತೀನಿ.”

“ದಿನಾ ಕೇಳ್ತಾನಂತಲ್ರಿ, ಎಷ್ಟು ಹತ್ತಿರ ಹೋಗಿದ್ರಿ, ಹೆದರಿಕೆ ಆಯ್ತಾ ಅಂತ.”

“ಕೇಳಬೇಕಾದ್ದು ಅದಲ್ಲ.”

ವೀರಭದ್ರಪ್ಪನವರಿಗೆ ಅರ್ಥವಾಗಲಿಲ್ಲ. ಹವಾಲ್ದಾರರು ಚಹಾ ಮಾಡಿಕೊಟ್ಟರು. ಅವರು ಕುಡಿದು ಎದ್ದರು. ಯುದ್ಧ ನೋಡಿದವರು ಹಾಗೆಯೇ ಎಂದು ದಾರಿಯುದ್ದಕ್ಕೂ ಹೇಳಿಕೊಂಡರು.

ಭರ್ತಿಯ ಹಿಂದಿನ ದಿನ ಬೆಳಿಗ್ಗೆ ತಿಪ್ಪೇಶ ಬಂದ. ತಲೆಕೂದಲು ಸಣ್ಣಗೆ ಕತ್ತರಿಸಿಕೊಂಡಿದ್ದ. ಕಿವಿಗಳು ಹೊರಗೆ ಬಂದು, ಇದ್ದ ವಯಸ್ಸಿಗಿಂತಲೂ ಚಿಕ್ಕವನಾಗಿ ಕಾಣುತ್ತಿದ್ದ.

“ಗುರುಗಳೇ, ನನ್ನದೊಂದು ಫೋಟೋ ಬೇಕು. ಪಾಸ್‌ಪೋರ್ಟ್ ಸೈಜ್.”

“ಯಾವುದಕ್ಕೆ?”

“ಭರ್ತಿಗೆ.”

“ಅಪ್ಪ ತಂದ ಅರ್ಜಿ?”

“ಅದಕ್ಕೂ ಪಾಸ್‌ಪೋರ್ಟ್ ಸೈಜೇ ಕೇಳ್ಯಾರೆ. ಆದರೆ ಅದಕ್ಕೆ ಬೇಡ.”

ಹವಾಲ್ದಾರರು ಎದ್ದು ಪರದೆಯ ಸುಕ್ಕು ಬಿಡಿಸಿದರು. ಕೋಟು ತೆಗೆಯಲು ಹೋದ ಕೈಯನ್ನು ಹಿಂದಕ್ಕೆ ತಂದರು. ತಿಪ್ಪೇಶ ಸ್ಟೂಲಿನ ಮೇಲೆ ಕೂತ. ಒಂದು ವರ್ಷ ದಿನಾ ಒರೆಸಿದ ಸ್ಟೂಲು. ಅದರ ಮೇಲೆ ಅವನು ಕೂತದ್ದು ಅದೇ ಮೊದಲು.

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಹವಾಲ್ದಾರರು ಕ್ಯಾಮೆರಾದ ಹಿಂದೆ ಬಾಗಿದರು. ಎದ್ದರು. ಮತ್ತೆ ಬಾಗಿದರು. ಹತ್ತಿರ ಬಂದು ಅವನ ಕಾಲರಿನ ಮೇಲೆ ಉಳಿದಿದ್ದ ತುಂಡು ಕೂದಲನ್ನು ಊದಿದರು. ಎದೆಯ ಬಳಿ ಮಡಚಿದ್ದ ಅಂಗಿಯ ಪಟ್ಟಿಯನ್ನು ಸರಿಮಾಡಿದರು. ಹಿಂದೆ ಹೋದರು.

“ಮನೆಯಾಗೆ ಇವತ್ತು ಏನು ಅಡಿಗೆ?”

ತಿಪ್ಪೇಶ ಹೊಳೆಯ ಕಡೆ ನೋಡಿದ.

“ತಿಪ್ಪೇಶಿ.”

“ಅವ್ವ ಇವತ್ತು ಒಲೆ ಹಚ್ಚಿಲ್ಲ.”

ಹವಾಲ್ದಾರರು ಲೆನ್ಸಿಗೆ ಮುಚ್ಚಳ ಹಾಕಿದರು.

“ಹಾಗಾದ್ರೆ ಇವತ್ತು ಫೋಟೋ ಆಗಲ್ಲ. ಅವ್ವ ಒಲೆ ಹಚ್ಚಿದ ದಿನ ಬಾ.”

“ನಾಳೆ ಭರ್ತಿ ಗುರುಗಳೇ.”

“ಗೊತ್ತು.”

ತಿಪ್ಪೇಶನಿಗೆ ಸಿಟ್ಟು ಬಂತು. ಗುರುಗಳ ಮೇಲೆ ಅವನಿಗೆ ಸಿಟ್ಟು ಬಂದದ್ದೂ ಅದೇ ಮೊದಲು. ಊರಿನ ಮದುವೆ, ಮಕ್ಕಳ ಹುಟ್ಟುಹಬ್ಬಕ್ಕೆ ಈ ಶಾಸ್ತ್ರವೆಲ್ಲ ಇರಲಿ, ತನಗೆ ಬೇಕಾದದ್ದು ಹೆಬ್ಬೆರಳಿನ ಗಾತ್ರದ ಒಂದು ಮುಖ ಎಂದ. ಅದನ್ನು ನೋಡುವವನು ಯಾವುದೋ ಗುಮಾಸ್ತ, ಅವನೂ ಸರಿಯಾಗಿ ನೋಡುವುದಿಲ್ಲ ಎಂದ. ಬೇರೆ ಸ್ಟುಡಿಯೋಗೆ ಹೋದರೆ ಮಧ್ಯಾಹ್ನದೊಳಗೆ ಕೈಗೆ ಕೊಡುತ್ತಾರೆ ಎಂದೂ ಹೇಳಿದ.

ಹವಾಲ್ದಾರರು ಕೇಳಿಸಿಕೊಂಡರು. ಹೋಗಬೇಡ ಎನ್ನಲಿಲ್ಲ.

ಅದರಿಂದ ಅವನ ಸಿಟ್ಟು ಇನ್ನಷ್ಟು ಏರಿತು. ಸ್ಟೂಲಿನಿಂದ ಏಳಲಿಲ್ಲ. ಇಡೀ ಊರಿಗೆ ಬೇಕಿದ್ದ, ಒಬ್ಬರೂ ನೇರವಾಗಿ ಕೇಳದ ಪ್ರಶ್ನೆ ಅವನ ಬಾಯಿಂದ ಅಣಕದ ರೂಪದಲ್ಲಿ ಹೊರಬಿತ್ತು.

“ಯುದ್ಧದಾಗೂ ಹಿಂಗೇ ಮಾಡ್ತಿದ್ರಾ ಗುರುಗಳೇ? ಗುಂಡು ಹಾರೋವಾಗ ಮನೆಯಾಗೆ ಏನು ಅಡಿಗೆ ಅಂತ ಕೇಳ್ತಾ ನಿಂತಿರ್ತಿದ್ರಾ?”

ಹವಾಲ್ದಾರರು ಅವನ ಮುಖವನ್ನು, ಹೊರಗೆ ಬಂದ ಕಿವಿಗಳನ್ನು, ಸಣ್ಣಗೆ ಕತ್ತರಿಸಿದ ಕೂದಲನ್ನು ನೋಡಿದರು.

“ನಾನು ಯುದ್ಧಕ್ಕೆ ಹೋಗಿಲ್ಲೋ ತಿಪ್ಪೇಶಿ. ಹೊರಟ ಹುಡುಗರದ್ದು ಪಾಸ್‌ಪೋರ್ಟ್ ಸೈಜ್ ತೆಗೀತಿದ್ದೆ.”