ಐದನೆಯ ಜ್ವರ

"ಗುರುಗಳೇ, ಕಣ್ಣಿಗೂ ಕಾಣದ ಒಂದು ಕ್ರಿಮಿ ನನ್ನನ್ನು ಹಿಂಡಿಹಾಕಿತು. ಈ ಬಡಕಲು ಮೈ ಇನ್ನು ಯಾವ ಕೆಲಸಕ್ಕೆ ಬರುತ್ತದೆ? ನನ್ನನ್ನು ಮನೆಗೆ ಕಳುಹಿಸಿ, ಗಟ್ಟಿಮುಟ್ಟಾದ ಬೇರೆಯವನನ್ನು ತೆಗೆದುಕೊಳ್ಳಬಾರದೇ?" ಎಂದು ಶಿಷ್ಯ ಕೇಳಿದ. ಅವನು ಇಪ್ಪತ್ತು ದಿನ ಜ್ವರದಲ್ಲಿ ಮಲಗಿ ಆಗಷ್ಟೇ ಎದ್ದಿದ್ದ.

ಗುರು ಹೇಳಿದರು: ಆಗಲೇ ಗಂಟು ಕಟ್ಟಿಕೊಂಡೂ ಬಂದೆಯಾ? ಸರಿ, ಕೂತುಕೋ. ಹೋಗುವ ಮೊದಲು ಒಂದು ಕತೆ ಕೇಳು.

ಒಬ್ಬ ರೈತ ರೇಷ್ಮೆಹುಳು ಸಾಕುತ್ತಿದ್ದ. ಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ತಿನ್ನುವುದು ಬಿಟ್ಟು ಅಲ್ಲಾಡದೆ ಕೂರುತ್ತದೆ, ಹಳೆಯ ಪೊರೆ ಕಳಚಿ ಏಳುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳುವೇ ಗೂಡು ಕಟ್ಟುವುದು.

ಅವನ ಮನೆಯ ಹುಳು ಅಜ್ಜಿಯ ಕಾಲದ ತಳಿ. ಪ್ರತಿ ಬೆಳೆಯಲ್ಲೂ ಕೆಲವು ಗೂಡು ಬಿತ್ತನೆಗೆ ಉಳಿಸಿ, ಅವುಗಳ ಚಿಟ್ಟೆ ಇಟ್ಟ ಮೊಟ್ಟೆಯಿಂದಲೇ ಮುಂದಿನ ಬೆಳೆ ತೆಗೆಯುತ್ತಿದ್ದರು. ಒಂದು ವರ್ಷ ಸಪ್ಪೆ ರೋಗ ಬಂತು. ಹುಳುಗಳು ಸಾಕುವ ತಟ್ಟೆಗಳಲ್ಲೇ ಮೆತ್ತಗಾಗಿ ತಟ್ಟೆಗೆ ತಟ್ಟೆಯೇ ಸತ್ತವು. ಒಂದು ಹಿಡಿಯಷ್ಟು ಮಾತ್ರ ಉಳಿದು ತೆಳ್ಳನೆಯ ಗೂಡು ಕಟ್ಟಿದವು. ಅವನ್ನು ನಾಲ್ಕು ಜನರಿಗೆ ತೋರಿಸಲು ರೈತನಿಗೆ ನಾಚಿಕೆ.

ಅವನ ತಾಯಿ ಹೇಳಿದಳು: "ನಾಲ್ಕು ಜ್ವರ ಎಲ್ಲ ಹುಳುವೂ ಏಳುತ್ತೆ, ಮಗ. ಇವು ಐದನೇದನ್ನೂ ಎದ್ದಿವೆ. ಇವನ್ನೇ ಬಿತ್ತನೆಗೆ ಇಡು."

ಅವನು ಕೇಳಲಿಲ್ಲ. ಸತ್ತವುಗಳ ಜೊತೆಗೆ ಅವನ್ನೂ ಸುಟ್ಟ. ಮನೆಗೆ ಸುಣ್ಣ ಬಳಿದು, ದೂರದ ಊರಿನಿಂದ ದಪ್ಪ ಗೂಡಿನ ತಳಿ ತಂದ. ಬೆಳೆ ಸೊಗಸಾಗಿಯೇ ಬಂತು. ಊರೆಲ್ಲ ಹೊಗಳಿತು.

ಮೂರನೆಯ ವರ್ಷ ರೋಗ ಮತ್ತೆ ಬಂತು. ಆ ರೋಗದ ಕ್ರಿಮಿಯೂ ಆ ಮನೆಯ ಹಳೆಯ ತಳಿಯ ಹುಳುವೂ ಎಷ್ಟೋ ತಲೆಮಾರಿನಿಂದ ಒಂದನ್ನೊಂದು ತಿದ್ದುತ್ತ ಬಂದಿದ್ದವು ಕಣಯ್ಯ. ಕ್ರಿಮಿ ಒಳನುಗ್ಗಲು ಹೊಸ ದಾರಿ ಹುಡುಕಿದಾಗಲೆಲ್ಲ, ಯಾವ ಹುಳುವಿನ ಜೀವಕಣಗಳಿಗೆ ಬೇರೆ ಅಗುಳಿ ಇತ್ತೋ ಅದು ಉಳಿಯುತ್ತಿತ್ತು, ಮರಿಗಳಿಗೂ ಅದನ್ನು ಕೊಟ್ಟು ಹೋಗುತ್ತಿತ್ತು. ಹೊಸ ಹುಳುಗಳಿಗೆ ಈ ಕ್ರಿಮಿಯ ಪರಿಚಯವೇ ಇರಲಿಲ್ಲ. ಒಂದೂ ಉಳಿಯಲಿಲ್ಲ.

ರೈತ ಹಳೆಯ ತಳಿಗಾಗಿ ಸುತ್ತಲಿನ ಊರುಗಳನ್ನೆಲ್ಲ ಅಲೆದ. ಎಲ್ಲರೂ ಅವನನ್ನು ನೋಡಿಯೇ ದಪ್ಪ ಗೂಡಿನ ತಳಿಗೆ ಬದಲಾಗಿದ್ದರು. ಬರಿಗೈಯಲ್ಲಿ ಬಂದು ತಾಯಿಯ ಮುಂದೆ ಕೂತು ಅತ್ತ. ಅವಳು ಬೈಯಲಿಲ್ಲ. ಖಾಲಿ ತಟ್ಟೆಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸಿದಳು. ಪಾಪ, ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಗುರು ಶಿಷ್ಯನ ಗಂಟನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡು ಕೇಳಿದರು: "ಈಗ ಹೇಳು, ನೀನು ಎದ್ದದ್ದು ಎಷ್ಟನೆಯ ಜ್ವರ?"